ಬೋಗಾಣಿಗೆ ಬಿದ್ದ ಕಡಕ್ ರೊಟ್ಟಿ

ನನ್ನ ನೋಟ್‌ಬುಕ್ಕಿನಲ್ಲಿ ಮೂರನೇ ಬ್ಯಾಚಿನ ಪುಟ ಅಂತ ಒಂದಿದೆ. ಅದರಲ್ಲಿ ಬರೆದಿರುವುದು ಇಷ್ಟು: ‘ಅವ್ವ ಆರು ಕಡಕ್ ರೊಟ್ಟಿ ಮುರಿದು ಹಾಕಿದಳು. ಒಂದು ಚಮಚ ಉಪ್ಪೂ ಹಾಕಿದಳು.’ ಅದರ ಕೆಳಗೆ ಸಿಟ್ಟಿನಲ್ಲಿ ಎರಡು ಗೆರೆ ಎಳೆದಿದ್ದೇನೆ. ಪೆನ್ನು ಒತ್ತಿದ್ದಕ್ಕೆ ಹಾಳೆ ಸ್ವಲ್ಪ ಹರಿದಿದೆ. ಈಗ ಆ ‘ಒಳ್ಳೇ ತಪ್ಪಿ’ನ ಪುಟವೇ ಅಮಲಿಲ್ಲದ ಜೋಳದ ಬಿಯರಿಗೆ ನನ್ನ ರೆಸಿಪಿ.

ನಾನು ಕಲಬುರಗಿಯ ಒಂದು ಕಾಲೇಜಿನ ಲ್ಯಾಬ್‌ನಲ್ಲಿ ಕೆಲಸ ಮಾಡುವವನು. ಥರ್ಮಾಮೀಟರ್, ಅಯೋಡಿನ್, ಹುಳಿ ಅಳೆಯುವ ಪಿಎಚ್ ಪಟ್ಟಿ ಇವೆಲ್ಲ ದಿನಾ ಕೈಗೆ ಸಿಗುವ ಸಾಮಾನು. ಹೋದ ವರ್ಷ ಬೆಂಗಳೂರಿಗೆ ಹೋದಾಗ ಕಾಕಾನ ಮಗ, ಬಿಯರನ್ನು ಅಲ್ಲೇ ಮಾಡಿ ಮಾರುವ ಒಂದು ಬ್ರೂಪಬ್‌ಗೆ ಕರೆದುಕೊಂಡು ಹೋಗಿದ್ದ. ಗಾಜಿನ ಆಚೆ ದೊಡ್ಡ ದೊಡ್ಡ ಪಾತ್ರೆ. ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿ, ಒಡೆದು, ಬಿಸಿನೀರಿನಲ್ಲಿ ಒಂದು ತಾಸು ಇಟ್ಟರೆ ನೀರು ತಾನೇ ಸಿಹಿಯಾಗುತ್ತದೆ ಅಂತ ಅಲ್ಲಿಯವರು ಹೇಳಿದರು. ಸಕ್ಕರೆ ಹಾಕುವುದೇ ಇಲ್ಲವಂತೆ. ಆಮೇಲೆ ಯೀಸ್ಟು ಹಾಕಿದರೆ ಅದು ಆ ಸಿಹಿಯನ್ನೇ ಆಲ್ಕೋಹಾಲ್ ಮತ್ತು ಗ್ಯಾಸ್ ಮಾಡುತ್ತದಂತೆ. ಬಸ್ಸಿನಲ್ಲಿ ವಾಪಸ್ ಬರುವಾಗ ತಲೆಯಲ್ಲಿ ಒಂದೇ ಹುಳ. ಬಾರ್ಲಿಗೆ ಆಗುವುದು ಜೋಳಕ್ಕೆ ಯಾಕೆ ಆಗಬಾರದು? ನಮ್ಮ ಮನೆಯಲ್ಲಿ ಜೋಳಕ್ಕೇನು ಬರ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದಕ್ಕೆ 1965ರ ಕರ್ನಾಟಕ ಅಬಕಾರಿ ಕಾಯ್ದೆ ಬಿಡುವುದಿಲ್ಲ. ನನಗೂ ಅಮಲು ಬೇಕಿರಲಿಲ್ಲ. ಮಾಡಬೇಕು ಅನ್ನುವ ಚಟ ಅಷ್ಟೇ. ನಮ್ಮ ಆಹಾರ ನಿಯಮಗಳ ಲೆಕ್ಕದಲ್ಲಿ 0.5 ಪರ್ಸೆಂಟ್‌ಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಅದು ಮದ್ಯ. ಆ ಗೆರೆಯ ಈಚೆಗೆ ನಿಲ್ಲಿಸಬೇಕು. ಬಿಯರ್ ಮಾಡುವ ದಾರಿಯಲ್ಲೇ ನಡೆದು, ಊರು ಬರುವ ಮೊದಲೇ ಬಸ್ ಇಳಿದುಬಿಡುವುದು. ಗ್ಯಾಸ್ ತುಂಬಿದ ಜೋಳದ ಸೋಡಾ ಅನ್ನಿ. ಮನೆಯಲ್ಲಿ ಎಲ್ಲರೂ ಅದನ್ನು ಬಿಯರ್ ಅಂತಲೇ ಕರೆಯುತ್ತಾರೆ, ನಾನು ತಿದ್ದುವುದು ಬಿಟ್ಟಿದ್ದೇನೆ.

ಮೊಳಕೆ

ಫೆಬ್ರವರಿ ನಡುವೆ ಗಂಜ್‌ನಿಂದ ಎರಡು ಕೆಜಿ ಮಾಲದಂಡಿ ಬಿಳಿಜೋಳ ತಂದೆ. ಹೋದ ಸುಗ್ಗಿಯದು. ಬಿತ್ತನೆ ಬೀಜದ ಚೀಲ ಮಾತ್ರ ತರಬಾರದು, ಅದಕ್ಕೆ ಔಷಧಿ ಹಚ್ಚಿರುತ್ತಾರೆ. ಕೆಂಪು ಜೋಳವೂ ಬೇಡ ಅಂದುಕೊಂಡೆ. ಅಂಥ ಕೆಲವು ತಳಿಗಳ ಕಾಳಿನಲ್ಲಿ ಟ್ಯಾನಿನ್ ಇರುತ್ತದೆ. ಬಾಯಿಗೆ ಒಗರು, ಕಾಳನ್ನು ಸಿಹಿ ಮಾಡುವ ಎಂಜೈಮ್‌ಗೂ ಅಡ್ಡಗಾಲು.

ಇಪ್ಪತ್ತು ತಾಸು ನೆನೆಹಾಕಿದೆ. ನಡುವೆ ಮೂರು ಸಲ ನೀರು ಬದಲಿಸಿದೆ. ಆಮೇಲೆ ಒದ್ದೆ ಗೋಣಿಚೀಲದ ಮೇಲೆ ಎರಡು ಬೆರಳು ದಪ್ಪ ಹರಡಿ, ಮೇಲೆ ಒದ್ದೆ ಬಟ್ಟೆ ಹೊದಿಸಿದೆ. ದಿನಕ್ಕೆ ಮೂರು ಸಲ ಕೈಯಾಡಿಸಿ ನೀರು ಚಿಮುಕಿಸಬೇಕು. ಇಲ್ಲದಿದ್ದರೆ ಒಳಗೆ ಬಿಸಿ ಕೂರುತ್ತದೆ, ಬೂಸ್ಟು ಹಿಡಿಯುತ್ತದೆ. ನನ್ನ ಮೊದಲ ಎರಡು ಕೆಜಿಗೆ ಹಿಡಿದೇಬಿಟ್ಟಿತು. ಭಾನುವಾರ ಊರಿಗೆ ಹೋಗಿದ್ದೆ, ಬಂದು ನೋಡಿದರೆ ಹಸಿರು ಬೂದಿ ಎರಚಿದ ಹಾಗೆ. ಪೂರ್ತಿ ತಿಪ್ಪೆಗೆ ಹಾಕಿದೆ. ಎಮ್ಮೆಗೂ ಹಾಕಲಿಲ್ಲ. ಬೂಸ್ಟು ಹಿಡಿದ ಕಾಳು ಯಾವ ಲೆಕ್ಕದಲ್ಲೂ ‘ಒಳ್ಳೇ ತಪ್ಪು’ ಆಗುವುದಿಲ್ಲ.

ಎರಡನೇ ಸಲ ನಾಲ್ಕು ದಿನ ಬಿಡದೆ ಕಾದೆ. ಮೊಳಕೆ ಕಾಳಿಗಿಂತ ಉದ್ದ ಬಂತು, ಬೇರು ಒಂದಕ್ಕೊಂದು ಹೆಣೆದುಕೊಂಡು ಚಾಪೆಯಾಯಿತು. ಮಾಳಿಗೆ ಮೇಲೆ ಧೋತರದ ಮೇಲೆ ಹರಡಿದೆ. ಕಲಬುರಗಿ ಬಿಸಿಲಿಗೆ ಎರಡೇ ದಿನ ಸಾಕಾಯಿತು. ಬೆಂಗಳೂರಿನವರು ಇದಕ್ಕೆ ಮಷೀನ್ ಇಟ್ಟಿದ್ದಾರೆ. ನಮಗೆ ಪಾರಿವಾಳ ಓಡಿಸಲು ಒಬ್ಬ ಹುಡುಗ ಬೇಕಾಗಿದ್ದು ಅಷ್ಟೇ.

ಇನ್ನು ಮುಂದಿನದು ಬಿಟ್ಟುಬಿಡುವ ಹಾಗಿಲ್ಲದ ಕೆಲಸ. ಎಳೇ ಜೋಳದ ಪೈರಿಗೆ ದನ ಬಾಯಿ ಹಾಕಿದರೆ ಸಾಯುತ್ತವೆ ಅಂತ ನಮ್ಮ ಕಡೆ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಆ ವಿಷ ಸೈನೈಡ್. ಜೋಳದ ಮೊಳಕೆಯಲ್ಲಿ ಧುರಿನ್ ಅನ್ನುವ ವಸ್ತು ಇರುತ್ತದೆ, ಅದು ಒಡೆದಾಗ ಸೈನೈಡ್ ಹೊರಗೆ ಬರುತ್ತದೆ. ಅದು ಜಾಸ್ತಿ ಇರುವುದು ಹಸಿರು ಮೊಳಕೆಯಲ್ಲೂ ಬೇರಿನಲ್ಲೂ. ಹಾಗಾಗಿ ಹೆಸರುಕಾಳಿನ ಹಾಗೆ ಜೋಳದ ಮೊಳಕೆಯನ್ನು ಹಸಿದೇ ತಿನ್ನುವ ಹಾಗಿಲ್ಲ. ಗರಿಗರಿ ಒಣಗಿದ ಮೇಲೆ ಎರಡೂ ಅಂಗೈ ನಡುವೆ ತಿಕ್ಕಿದರೆ ಬೇರು, ಮೊಳಕೆ ಮುರಿದು ಬೀಳುತ್ತವೆ. ಮೊರದಲ್ಲಿ ಕೇರಿದರೆ ಹಾರಿಹೋಗುತ್ತವೆ. ನಾನು ಮೂರು ಸಲ ತಿಕ್ಕಿ ಮೂರು ಸಲ ಕೇರಿಸಿದೆ. ಕೇರಿದ್ದು ಅವ್ವ. ನನ್ನ ಕೈಯಲ್ಲಿ ಕಾಳೂ ಹಾರುತ್ತಿದ್ದವು. ಮುಂದೆ ಮುಚ್ಚಳ ತೆಗೆದು ಕುದಿಸುವುದಕ್ಕೂ ಇದೇ ಕಾರಣ. ಸೈನೈಡ್ 26 ಡಿಗ್ರಿಗೇ ಆವಿಯಾಗುವಂಥದ್ದು, ತೆರೆದ ಪಾತ್ರೆಯಲ್ಲಿ ಕುದಿಸಿದರೆ ಉಳಿದಿದ್ದೂ ಹೋಗುತ್ತದೆ.

ಎರಡು ಕೆಜಿ ಜೋಳಕ್ಕೆ ಕೈಗೆ ಬಂದಿದ್ದು ಒಂದು ಕೆಜಿ ಆರುನೂರು ಗ್ರಾಂ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು.

ಒಂದು ಮತ್ತು ಎರಡು

ಮೊದಲ ಬ್ಯಾಚು ಬಾರ್ಲಿಯ ಪಾಠವನ್ನು ಕಣ್ಣುಮುಚ್ಚಿ ನಕಲು ಮಾಡಿದ್ದು. ನಾನೂರು ಗ್ರಾಂ ಮಾಲ್ಟ್ ಮಿಕ್ಸಿಗೆ ಹಾಕಿ ನುಣ್ಣಗೆ ಹಿಟ್ಟು ಮಾಡಿದೆ. ಇದು ಮೊದಲ ತಪ್ಪು. ಎರಡೂವರೆ ಲೀಟರ್ ನೀರನ್ನು 65 ಡಿಗ್ರಿಯಲ್ಲಿ ಹಿಡಿದು ಒಂದೂವರೆ ತಾಸು ಇಟ್ಟೆ. ನೀರು ಸಿಹಿಯಾಗಲಿಲ್ಲ. ಸುಣ್ಣದ ತಿಳಿಯ ಹಾಗೆ ಬೆಳ್ಳಗೆ ನಿಂತಿತ್ತು. ಒಂದು ಹನಿ ಬಿಳಿ ಪಿಂಗಾಣಿ ಮೇಲೆ ಹಾಕಿ ಅಯೋಡಿನ್ ಬಿಟ್ಟೆ. ಕಡುನೀಲಿ, ಹೆಚ್ಚುಕಡಿಮೆ ಕಪ್ಪು. ಅಂದರೆ ಪಿಷ್ಟ ಪಿಷ್ಟವಾಗಿಯೇ ಉಳಿದಿದೆ. ಸಕ್ಕರೆಯಾಗಿದ್ದರೆ ಅಯೋಡಿನ್ ತನ್ನ ಕಂದು ಬಣ್ಣದಲ್ಲೇ ಇರಬೇಕಿತ್ತು.

ಸೋಸುವುದಂತೂ ಇನ್ನೊಂದು ಪೀಡೆ. ಬಾರ್ಲಿಗೆ ಹೊಟ್ಟಿದೆ, ಆ ಹೊಟ್ಟೇ ಜಾಲರಿ ಆಗಿ ನೀರು ತಾನೇ ಬಸಿಯುತ್ತದೆ. ಜೋಳಕ್ಕೆ ಹೊಟ್ಟೆಲ್ಲಿದೆ? ನನ್ನ ನುಣ್ಣನೆ ಹಿಟ್ಟು ಬಟ್ಟೆಯ ಕಣ್ಣನ್ನೆಲ್ಲ ಮುಚ್ಚಿತು. ಒಂದು ತಾಸು ಗಂಟು ಹಿಂಡುತ್ತ ಕೂತೆ.

ಕಾವು ಸಾಲಲಿಲ್ಲ ಅಂದುಕೊಂಡೆ. ಎರಡನೇ ಸಲ ಮಾಲ್ಟ್ ರವೆಯ ಹಾಗೆ ಒಡೆದು, ನೀರಿಗೆ ಹಾಕಿ ಕುದಿಸಿಯೇಬಿಟ್ಟೆ. ಇಪ್ಪತ್ತು ನಿಮಿಷಕ್ಕೆ ಗಟ್ಟಿ ಗಂಜಿ. ಸಿಹಿ ಇಲ್ಲ. ಸಂಜೆ ಮಜ್ಜಿಗೆ, ಉಳ್ಳಾಗಡ್ಡಿ ಹಾಕಿಕೊಂಡು ಮೂವರೂ ಉಂಡೆವು. ರುಚಿಯಾಗಿತ್ತು, ಸುಳ್ಳು ಹೇಳಬಾರದು. ಆದರೆ ನಾನು ಹೊರಟಿದ್ದು ಅಲ್ಲಿಗಲ್ಲ.

ಆಗ ಗೊತ್ತಿರದ ವಿಷಯ ಇದು. ಪಿಷ್ಟವನ್ನು ಸಕ್ಕರೆ ಮಾಡುವುದು ಮೊಳಕೆಯಲ್ಲಿ ಹುಟ್ಟಿದ ಎಂಜೈಮ್. ಆದರೆ ಹಸಿ ಪಿಷ್ಟದ ಕಾಳು ಗಟ್ಟಿ ಮುಷ್ಟಿಯ ಹಾಗಿರುತ್ತದೆ, ಎಂಜೈಮ್‌ಗೆ ಒಳಗೆ ಹೋಗಲು ದಾರಿ ಇಲ್ಲ. ಬಿಸಿನೀರಿನಲ್ಲಿ ಬೆಂದು ಉಬ್ಬಿದರೆ ಮುಷ್ಟಿ ಬಿಚ್ಚುತ್ತದೆ. ಬಾರ್ಲಿಯ ಪಿಷ್ಟ 60ರ ಆಸುಪಾಸಿನಲ್ಲೇ ಬಿಚ್ಚುತ್ತದೆ, ಆ ಕಾವಿನಲ್ಲಿ ಎಂಜೈಮ್‌ಗಳೂ ಚುರುಕಾಗಿರುತ್ತವೆ. ಇಬ್ಬರಿಗೂ ಒಂದೇ ಮುಹೂರ್ತ. ಜೋಳದ ಪಿಷ್ಟ ಬಿಚ್ಚಲು 70ರ ಹತ್ತಿರ ಬೇಕು, ಇನ್ನೂ ಜಾಸ್ತಿ ಬೇಕಾದರೂ ಆಶ್ಚರ್ಯವಿಲ್ಲ. ಅಷ್ಟೊತ್ತಿಗೆ ಎಂಜೈಮ್‌ಗಳಲ್ಲಿ ಅರ್ಧದಷ್ಟು ಸುಸ್ತು. ಕುದಿಸಿದರೆ ಎಲ್ಲವೂ ಖಲಾಸ್. ಮೊದಲ ಬ್ಯಾಚಿನಲ್ಲಿ ಕೆಲಸಗಾರರಿದ್ದರು, ಬಾಗಿಲು ಮುಚ್ಚಿತ್ತು. ಎರಡನೇದರಲ್ಲಿ ಬಾಗಿಲು ತೆರೆದಿತ್ತು, ಕೆಲಸಗಾರರೇ ಸತ್ತಿದ್ದರು.

ಮೂರು

ಮಾರ್ಚ್ ಕೊನೆಯ ಶನಿವಾರ. ಐದು ಲೀಟರ್ ಹಿಡಿಯುವ ಬೋಗಾಣಿ. ನಾನೂರು ಗ್ರಾಂ ಮಾಲ್ಟ್ ರವೆ, ನಾಲ್ಕೂವರೆ ಲೀಟರ್ ನೀರು. ಈ ಸಲ 68ಕ್ಕೆ ಹಿಡಿದು ಜಾಸ್ತಿ ಹೊತ್ತು ಇಟ್ಟು ನೋಡೋಣ ಅಂತ ಯೋಚನೆ. ಕಾವು ಇಳಿಯದಿರಲಿ ಅಂತ ಬೋಗಾಣಿಯನ್ನು ಒಲೆಯಿಂದ ಇಳಿಸಿ ಹಳೇ ಕೌದಿಯಲ್ಲಿ ಸುತ್ತಿದೆ. ಅವ್ವ ಹೊಲಿದ ಕೌದಿ, ಆರೇಳು ಪದರ ಹಳೇ ಸೀರೆ. ಥರ್ಮಾಕೋಲ್ ಡಬ್ಬಿಗಿಂತ ಇದೇ ವಾಸಿ. ತಾಸಿಗೆ ಮೂರು ಡಿಗ್ರಿಗಿಂತ ಜಾಸ್ತಿ ಇಳಿಯುವುದಿಲ್ಲ.

ಅಷ್ಟರಲ್ಲಿ ಕಾಲೇಜಿನಿಂದ ಫೋನ್. ಪ್ರಾಕ್ಟಿಕಲ್ ಪರೀಕ್ಷೆಗೆ ಸಾಮಾನು ಕಡಿಮೆ ಬಿದ್ದಿದೆ, ಬಾ ಅಂತ. ಹೋದೆ.

ಮೂರು ತಾಸಿನ ಮೇಲೆ ಬಂದರೆ ಅವ್ವ ಬಾಗಿಲಲ್ಲೇ ಹೇಳಿದಳು.

‘ನಿನ್ನ ಅಂಬ್ಲಿ ಭಾಳ ತೆಳ್ಳಗಾಗಿತ್ತಪ. ಆರು ರೊಟ್ಟಿ ಮುರಿದು ಹಾಕೀನಿ. ಉಪ್ಪು ಮರ್ತಿದ್ದಿ, ಅದೂ ಹಾಕೀನಿ.’

‘ಅವ್ವಾ, ಅದು ಅಂಬ್ಲಿ ಅಲ್ಲ!’

‘ಜ್ವಾಳ ಅದ, ನೀರು ಅದ, ಹುಳಿ ಬರ್ಲಾಕ ಇಟ್ಟೀದಿ. ಮತ್ತ ಅಂಬ್ಲಿ ಅಲ್ದ ಇನ್ನೇನು?’

ಉತ್ತರ ಹೊಳೆಯಲಿಲ್ಲ. ಎಳ್ಳಮಾಸಿಗೆ ಹೊಲಕ್ಕೆ ಒಯ್ಯುವ ಅಂಬಲಿಯನ್ನು ನಲವತ್ತು ವರ್ಷದಿಂದ ಮಾಡಿದವಳು. ಅವಳ ಲೆಕ್ಕ ಅವಳಿಗೆ ಸರಿ. ನಾನು ನೋಟ್‌ಬುಕ್ ತೆಗೆದು ಆ ಸಾಲು ಬರೆದು ಗೆರೆ ಎಳೆದೆ. ಚೆಲ್ಲಲು ಎತ್ತಿಕೊಂಡು ಬಚ್ಚಲಿಗೆ ಹೋದೆ. ಚೆಲ್ಲುವ ಮೊದಲು ಯಾಕೋ ಬೆರಳದ್ದಿ ನೆಕ್ಕಿದೆ.

ಸಿಹಿ. ಉಪ್ಪಿನ ಹಿಂದೆ ಸ್ಪಷ್ಟವಾದ ಸಿಹಿ. ಮೂರು ತಾಸು ನೆನೆದ ಕಡಕ್ ರೊಟ್ಟಿ ಗಂಜಿಯಾಗಿರಬೇಕಿತ್ತು. ಆದರೆ ನೀರು ತೆಳ್ಳಗೆ, ತಿಳಿ ಚಹಾದ ಬಣ್ಣದಲ್ಲಿತ್ತು. ರೊಟ್ಟಿಯ ಚೂರುಗಳು ಬರೀ ಸಿಪ್ಪೆಯ ಹಾಗೆ ತಳಕ್ಕೆ ಕೂತಿದ್ದವು. ಥರ್ಮಾಮೀಟರ್ 58 ತೋರಿಸಿತು. ಅಯೋಡಿನ್ ಹಾಕಿದೆ. ಕಂದುಗೆಂಪು. ನೀಲಿ ಇಲ್ಲ.

ಬಚ್ಚಲಲ್ಲೇ ನಿಂತು ರೊಟ್ಟಿ ಹೇಗೆ ಮಾಡುತ್ತಾರೆ ಅಂತ ನೆನಪು ಮಾಡಿಕೊಂಡೆ. ಹಿಟ್ಟಿಗೆ ಕುದಿಯುವ ಎಸರು ಹೊಯ್ಯುತ್ತಾರೆ. ಅಲ್ಲಿಗೇ ಹಿಟ್ಟು ಅರೆಬೆಂದಿತು. ನಾದಿ, ಬಡಿದು, ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿ, ತಿರುವಿ ಬೇಯಿಸುತ್ತಾರೆ. ಆಮೇಲೆ ಕಡಕ್ ಆಗಲಿ ಅಂತ ಒಲೆಯ ಪಕ್ಕ ನಿಲ್ಲಿಸುತ್ತಾರೆ. ಪಿಷ್ಟದ ಮುಷ್ಟಿ ಯಾವಾಗಲೋ ಬಿಚ್ಚಿಹೋಗಿದೆ. ಎಂಜೈಮ್‌ಗೆ ಮೃಷ್ಟಾನ್ನ ತಟ್ಟೆಯಲ್ಲೇ ಬಂದು ಬಿದ್ದಂತಾಯಿತು. ಹಂಚಿನ ಮೇಲೆ ಕೂತ ಕರೀ ಚುಕ್ಕೆಗಳಿಂದ ಬಣ್ಣ ಬಂದಿತ್ತು, ಹುರಿದ ವಾಸನೆಯೂ ಬಂದಿತ್ತು.

ಆಮೇಲೆ ಓದಿದಾಗ ಎರಡು ವಿಷಯ ಸಿಕ್ಕವು. ರಷ್ಯಾದವರು ಒಣಗಿದ ರೈ ಬ್ರೆಡ್ ನೆನೆಸಿ ಹುದುಗಿಸಿ ಕ್ವಾಸ್ ಅನ್ನುವ ಪಾನೀಯ ಮಾಡುತ್ತಾರೆ. ಅಲ್ಲಿ ಬ್ರೆಡ್ಡು, ಇಲ್ಲಿ ರೊಟ್ಟಿ. ಇನ್ನೊಂದು, ಜೋಳದಿಂದ ಬಿಯರ್ ಮಾಡುವವರಿಗೆ ಈ ಮುಷ್ಟಿಯ ತಕರಾರು ಹಳೆಯದು. ಅವರ ಒಂದು ದಾರಿ ಹೀಗಿದೆ. ಮೊದಲು ಮಾಲ್ಟನ್ನು ನೆನೆಸಿ ಮೇಲಿನ ತಿಳಿ ತೆಗೆದಿಡುತ್ತಾರೆ, ಎಂಜೈಮ್ ಅದರಲ್ಲಿರುತ್ತದೆ. ಕೆಳಗಿನ ಗಟ್ಟಿಯನ್ನು ಚೆನ್ನಾಗಿ ಬೇಯಿಸುತ್ತಾರೆ. ಅದು ಆರಿದ ಮೇಲೆ ತಿಳಿಯನ್ನು ವಾಪಸ್ ಹೊಯ್ಯುತ್ತಾರೆ. ಅವ್ವ ಮಾಡಿದ್ದು ಅದನ್ನೇ. ಬೇಯಿಸುವ ಕೆಲಸವನ್ನು ಎರಡು ದಿನ ಮುಂಚೆ ಹಂಚಿನ ಮೇಲೆ ಮುಗಿಸಿದ್ದಳು, ಅಷ್ಟೇ ವ್ಯತ್ಯಾಸ.

ಆ ದಿನದ ಕತೆ ಇನ್ನೂ ಮುಗಿದಿರಲಿಲ್ಲ. ಸೋಸಿ ಕುದಿಸೋಣ ಅಂತ ಒಲೆ ಹೊತ್ತಿಸಿದರೆ ಸಿಲಿಂಡರ್ ಖಾಲಿ. ರಾತ್ರಿ ಒಂಬತ್ತು ಗಂಟೆ. ಇನ್ನೊಂದು ಸಿಲಿಂಡರ್ ಬರುವುದು ನಾಳೆಯೇ. ಬೋಗಾಣಿಯನ್ನು ಮತ್ತೆ ಕೌದಿಯಲ್ಲಿ ಸುತ್ತಿ ಮಲಗಿದೆ.

ಬೆಳಿಗ್ಗೆ ನೋಡಿದರೆ 41 ಡಿಗ್ರಿ. ವಾಸನೆ ಮೊಸರಿನ ಹಾಗೆ, ಸ್ವಲ್ಪ ಹಸಿರು ಸೇಬಿನ ಹಾಗೆ. ರುಚಿ ಹುಳಿ ಸಿಹಿ ಉಪ್ಪು ಮೂರೂ. ಪಿಎಚ್ ಪಟ್ಟಿ 4ಕ್ಕಿಂತ ಸ್ವಲ್ಪ ಕೆಳಗೆ. ಮಾಲ್ಟಿನ ಮೈಮೇಲೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ. ಬೆಚ್ಚಗೆ ಕೌದಿ ಹೊದಿಸಿ ಮಲಗಿಸಿದರೆ ಅವು ಬಿಡುತ್ತವೆಯೇ? ದಕ್ಷಿಣ ಆಫ್ರಿಕಾದ ಉಮ್ಕೊಂಬೊಥಿ ಅನ್ನುವ ಜೋಳ-ಮೆಕ್ಕೆಜೋಳದ ಬಿಯರ್‌ಗೂ ಮೊದಲು ಹೀಗೇ ಹುಳಿ ಬರಿಸುತ್ತಾರೆ, ಯೀಸ್ಟಿನ ಕೆಲಸ ಆಮೇಲೆ.

ಹೊಸ ಸಿಲಿಂಡರ್ ಬಂದ ಮೇಲೆ ಬಟ್ಟೆಯಲ್ಲಿ ಸೋಸಿದೆ. ಮುಚ್ಚಳ ತೆಗೆದು ಅರ್ಧ ತಾಸು ಕುದಿಸಿದೆ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವು ನಮ್ಮಲ್ಲಿ ಎಲ್ಲಿ ಸಿಗಬೇಕು? ಒಂದು ಹೆಬ್ಬೆರಳಷ್ಟು ಶುಂಠಿ ಜಜ್ಜಿ, ಒಂದು ಚಮಚ ಧನಿಯಾ ಒರಟಾಗಿ ಕುಟ್ಟಿ ಕೊನೆಯ ಐದು ನಿಮಿಷಕ್ಕೆ ಹಾಕಿದೆ. ಧನಿಯಾ ಯಾಕೆ ಅಂದರೆ ಕೈಗೆ ಸಿಕ್ಕಿದ ಡಬ್ಬಿ ಅದಾಗಿತ್ತು. ಉಪ್ಪು, ಹುಳಿ, ಧನಿಯಾ ಮೂರೂ ಇರುವ ಬಿಯರ್ ಒಂದು ನಿಜವಾಗಿಯೂ ಇದೆ. ಜರ್ಮನಿಯ ಗೋಸ್ಲಾರ್ ಊರಿನಿಂದ ಬಂದದ್ದು, ಆಮೇಲೆ ಲೈಪ್‌ಸಿಗ್‌ನಲ್ಲಿ ಹೆಸರು ಮಾಡಿದ್ದು. ಹೆಸರು ಗೋಸೆ. ಅವರು ಗೋಧಿ ಹಾಕುತ್ತಾರೆ. ಇದನ್ನು ಅವ್ವನಿಗೆ ಹೇಳಿದೆ. ‘ಅವ್ರಿಗೂ ಅಂಬ್ಲಿ ಬರ್ತದಂದ್ರ ಛಲೋನೇ ಆತು’ ಅಂದಳು.

ಹೈಡ್ರೋಮೀಟರ್ ಸುಳ್ಳು ಹೇಳಿದ್ದು

ನೀರಿನಲ್ಲಿ ಎಷ್ಟು ಸಕ್ಕರೆ ಕರಗಿದೆ ಅಂತ ತಿಳಿಯಲು ಹೈಡ್ರೋಮೀಟರ್ ಬೇಕು. ಬರೀ ನೀರಿನಲ್ಲಿ 1.000 ತೋರಿಸುತ್ತದೆ, ಸಕ್ಕರೆ ಜಾಸ್ತಿಯಾದಷ್ಟೂ ಮೇಲೇಳುತ್ತದೆ. ಕುದಿಸಿ ಆರಿಸಿದ ರಸದಲ್ಲಿ ಬಿಟ್ಟರೆ 1.025. ಬೇಸರವಾಯಿತು, ಬಾಯಿಗೆ ಅದಕ್ಕಿಂತ ಸಿಹಿ ಅನ್ನಿಸಿತ್ತು.

ಮರುದಿನ ಲ್ಯಾಬ್‌ನಲ್ಲಿ ಕೂತಾಗ ಹೊಳೆಯಿತು. ಕಡ್ಡಿಯ ಮೇಲೇ ಬರೆದಿದೆ, 20 ಡಿಗ್ರಿ ಅಂತ. ನಮ್ಮ ಮನೆಯಲ್ಲಿ ‘ಆರಿಸಿದ’ ಅಂದರೆ 38. ಕಾವು ಏರಿದರೆ ನೀರು ಹಿಗ್ಗಿ ಹಗುರಾಗುತ್ತದೆ, ಕಡ್ಡಿ ಮುಳುಗುತ್ತದೆ. 38ರಲ್ಲಿ ಸುಮಾರು 5 ಪಾಯಿಂಟ್ ಕಡಿಮೆ ತೋರಿಸುತ್ತದೆ. ಅಂದರೆ ನಿಜವಾದದ್ದು 1.030. ಹದಿನೈದು ವರ್ಷ ಮಕ್ಕಳಿಗೆ ‘ಟೆಂಪರೇಚರ್ ನೋಡಿ ಬರೀರಿ’ ಅಂತ ಹೇಳಿದವನು ನಾನು.

ಇದು ಕೇವಲ ಮರ್ಯಾದೆಯ ಪ್ರಶ್ನೆ ಅಲ್ಲ. 0.5 ಪರ್ಸೆಂಟಿನ ಗೆರೆ ಕಾಯುವುದು ಇದೇ ಕಡ್ಡಿ. ಮೊದಲಿನ ಅಳತೆಯಿಂದ ಕೊನೆಯ ಅಳತೆ ಕಳೆದು 131ರಿಂದ ಗುಣಿಸಿದರೆ ಆಲ್ಕೋಹಾಲ್ ಪರ್ಸೆಂಟ್ ಅಂದಾಜು ಸಿಗುತ್ತದೆ. 1.030 ಇದ್ದದ್ದು 1.027ಕ್ಕೆ ಇಳಿದರೆ 0.4. ಮೂರೇ ಪಾಯಿಂಟಿನ ಆಟ. ಅದರಲ್ಲಿ ಕಾವಿನಿಂದಲೇ ಐದು ಪಾಯಿಂಟ್ ಆಚೀಚೆ ಆದರೆ ಲೆಕ್ಕಕ್ಕೆ ಅರ್ಥವೇ ಇಲ್ಲ. ಹಾಗಾಗಿ ಈಗ ಎರಡೂ ಸಲ ಒಂದು ಲೋಟ ರಸವನ್ನು ಫ್ರಿಜ್ಜಿನಲ್ಲಿಟ್ಟು, 20 ಡಿಗ್ರಿಗೆ ತಂದು, ಗ್ಯಾಸ್ ಹೋಗುವ ತನಕ ಎರಡು ಲೋಟದಲ್ಲಿ ಚಹಾ ಆರಿಸುವ ಹಾಗೆ ಎತ್ತಿ ಹೊಯ್ದು ಅಳೆಯುತ್ತೇನೆ. ಗುಳ್ಳೆಗಳು ಕಡ್ಡಿಗೆ ಅಂಟಿಕೊಂಡರೆ ಅದನ್ನು ಮೇಲಕ್ಕೆತ್ತುತ್ತವೆ, ಆಗಲೂ ಅಳತೆ ಸುಳ್ಳು.

ಯೀಸ್ಟು ಬೇಕರಿಗೆ ಬಳಸುವ ಒಣ ಯೀಸ್ಟು. ಸೂಪರ್ ಮಾರ್ಕೆಟ್ ಕಡೆ ಕೇಕ್ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ನಾಲ್ಕು ಲೀಟರ್‌ಗೆ ಕಾಲು ಚಮಚ. ಹಾಕಿದ ಕೂಡಲೇ ಅರ್ಧ ಲೀಟರ್‌ನ ಪ್ಲಾಸ್ಟಿಕ್ ಸೋಡಾ ಬಾಟಲಿಗಳಿಗೆ ತುಂಬಿದೆ. ಗಾಜು ಬೇಡವೇ ಬೇಡ. ಪ್ಲಾಸ್ಟಿಕ್ ಬಾಟಲಿಯನ್ನು ಕೈಯಲ್ಲಿ ಒತ್ತಿ ನೋಡಬಹುದು. ಮೆತ್ತಗಿದ್ದರೆ ಇನ್ನೂ ಆಗಿಲ್ಲ, ಕಲ್ಲಿನ ಹಾಗೆ ಗಟ್ಟಿಯಾದರೆ ಕೂಡಲೇ ಫ್ರಿಜ್ಜಿಗೆ.

ಎಷ್ಟು ತಾಸು? ಮನೆಯೊಳಗೆ 36 ಡಿಗ್ರಿ. ಅಷ್ಟು ಸೆಖೆಯಲ್ಲಿ ಯೀಸ್ಟು ಹುಚ್ಚು ಹಿಡಿದ ಹಾಗೆ ಓಡುತ್ತದೆ, ವಾಸನೆಯೂ ಕೆಡುತ್ತದೆ. ಬಾಟಲಿಗಳನ್ನು ಬುಟ್ಟಿಯಲ್ಲಿಟ್ಟು, ಒದ್ದೆ ಗೋಣಿ ಹೊದಿಸಿ, ಕೂಲರ್ ಮುಂದೆ ಇಟ್ಟೆ. 27ಕ್ಕೆ ಬಂತು. ಇದು ಮಂಗಳೂರಿನಲ್ಲಿ ನಡೆಯುವ ಆಟ ಅಲ್ಲ. ನಮ್ಮ ಬೇಸಿಗೆಯ ಗಾಳಿ ಒಣಗಿರುವುದಕ್ಕೆ ಒದ್ದೆ ಗೋಣಿ ಇಷ್ಟು ತಂಪು ಕೊಡುತ್ತದೆ. ಏಳು ತಾಸಿಗೆ ಬಾಟಲಿ ಗಟ್ಟಿಯಾದವು. ಒಂದನ್ನು ಲೆಕ್ಕ ತಪ್ಪಿ ಅಟ್ಟದ ಮೇಲೆ ಮರೆತಿದ್ದೆ. ಮೂರನೇ ದಿನ ಮುಚ್ಚಳ ತಿರುವಿದಾಗ ಅದು ಛತ್ತಿಗೆ ಬರೆದ ಚಿತ್ರ ಇನ್ನೂ ಇದೆ. ಉಳಿದದ್ದನ್ನು ಬಚ್ಚಲಿಗೆ ಚೆಲ್ಲಿದೆ, ಅದು ಗೆರೆ ದಾಟಿ ಎಲ್ಲಿಗೋ ಹೋಗಿತ್ತು.

ಸೋಮವಾರ ಸಂಜೆ ಮೊದಲ ಬಾಟಲಿ. ನೊರೆ ಕಡಿಮೆ, ಗುಳ್ಳೆ ಸಣ್ಣವು. ಮೊದಲು ಹುಳಿ, ಹಿಂದೆ ಹುರಿದ ರೊಟ್ಟಿ, ಕೊನೆಗೆ ಧನಿಯಾ. ಉಪ್ಪು ಬೇರೆಯಾಗಿ ಗೊತ್ತಾಗುವುದಿಲ್ಲ, ಆದರೆ ಎರಡನೇ ಗುಟುಕಿಗೆ ಕರೆಯುತ್ತದೆ. ಕಾಕಾ ಒಂದು ಲೋಟ ಮುಗಿಸಿ ಬಹಳ ಹೊತ್ತು ಯೋಚನೆ ಮಾಡಿ ಹೇಳಿದರು: ‘ಇದು ನಮ್ಮ ಅಂಬ್ಲಿನೇ ಅದಲ್ಲೋ ತಮ್ಮಾ. ಗ್ಯಾಸ್ ತುಂಬೀದಿ.’

ತಪ್ಪುಗಳನ್ನು ಬಿಡಿಸಿದ್ದು

ಇಷ್ಟಕ್ಕೆ ಬಿಡಬಹುದಿತ್ತು. ಆದರೆ ಒಂದೇ ದಿನ ಮೂರು ತಪ್ಪು ಆಗಿದ್ದವು. ರೊಟ್ಟಿ, ಉಪ್ಪು, ರಾತ್ರಿಯ ಹುಳಿ. ರುಚಿ ಯಾವುದರದ್ದು? ಮೂರೂ ಬೇಕೋ, ಒಂದೇ ಸಾಕೋ? ಹಾಗಾಗಿ ಏಪ್ರಿಲ್ ಪೂರ್ತಿ ತಪ್ಪುಗಳನ್ನು ಒಂದೊಂದಾಗಿ ಬೇಕಂತಲೇ ಮಾಡುತ್ತ ಕೂತೆ.

ನಾಲ್ಕನೇ ಬ್ಯಾಚು ರೊಟ್ಟಿ ಮಾತ್ರ. ಉಪ್ಪಿಲ್ಲ, ಹುಳಿ ಇಲ್ಲ, ಸಿಹಿಯಾದ ಕೂಡಲೇ ಕುದಿಸಿದ್ದು. ಕುಡಿಯಬಹುದು, ಆದರೆ ಸಪ್ಪೆ. ಮಕ್ಕಳಿಗೆ ಕೊಡುವ ಮಾಲ್ಟ್ ಪುಡಿಯ ಹಾಲಿನಲ್ಲಿ ಹಾಲು ತೆಗೆದುಬಿಟ್ಟ ಹಾಗೆ. ಅದರದೇ ಒಂದು ಬಾಟಲಿಗೆ ಚಿಟಿಕೆ ಉಪ್ಪು ಹಾಕಿದೆ. ಎರಡೂ ಬಾಟಲಿ ಅವ್ವನ ಮುಂದಿಟ್ಟು ಯಾವುದು ಚೆನ್ನಾಗಿದೆ ಅಂತ ಕೇಳಿದೆ, ಯಾವುದರಲ್ಲಿ ಉಪ್ಪಿದೆ ಅಂತ ಹೇಳದೆ. ಉಪ್ಪಿನದನ್ನೇ ಎತ್ತಿಕೊಂಡಳು. ನಾನೂ ಕಣ್ಣು ಮುಚ್ಚಿ ಕುಡಿದು ಅದನ್ನೇ ಆರಿಸಿದೆ. ಒಂದು ಚಮಚ ಅಂದರೆ ಎಷ್ಟು ಅಂತ ತೂಗಿ ನೋಡಿದ್ದೆ, ಆರು ಗ್ರಾಂ. ನಾಲ್ಕು ಲೀಟರ್‌ಗೆ ಅದು ಸರಿಯಾದ ಅಳತೆಯೇ. ಎಂಟಕ್ಕೆ ಏರಿಸಿದರೆ ಓಆರ್‌ಎಸ್.

ಐದನೇದರಲ್ಲಿ ಹುಳಿಯನ್ನು ಪರೀಕ್ಷೆ ಮಾಡಲು ಹೋಗಿ ಮುಖಕ್ಕೆ ಹೊಡೆಸಿಕೊಂಡೆ. ಈ ಸಲ ಕೌದಿ ಒಗೆಯಲು ಹಾಕಿದ್ದರು, ಬರೀ ಟವೆಲ್ ಸುತ್ತಿದೆ. ಬೆಳಿಗ್ಗೆ ಕಾವು 33ಕ್ಕೆ ಇಳಿದಿತ್ತು. ಮುಚ್ಚಳ ತೆಗೆದರೆ ಕೆಟ್ಟ ತುಪ್ಪ ಮತ್ತು ವಾಂತಿ ಸೇರಿಸಿದ ವಾಸನೆ. ಅದು ಬ್ಯುಟಿರಿಕ್ ಆಮ್ಲ. ಹುಳಿ ಬೇಗ ಬರದೆ ಕಾವು ಇಳಿದರೆ ಬೇರೆ ಜಾತಿಯ ಬ್ಯಾಕ್ಟೀರಿಯಾ ಹೊಲ ಹಿಡಿಯುತ್ತವೆ. ಕುದಿಸಿದರೂ ಆ ವಾಸನೆ ಹೋಗದು. ಪೂರ್ತಿ ಚೆಲ್ಲಿದೆ, ಬಚ್ಚಲಿಗೆ ಫಿನಾಯಿಲ್ ಹಾಕಿದೆ. ಅವ್ವ ಆ ದಿನ ಮಾತಾಡಲಿಲ್ಲ.

ಮೂರನೇ ಸಲ ನಾನು ಬಚಾವಾಗಿದ್ದು ಕೌದಿಯಿಂದ ಅಂತ ಆಗ ತಿಳಿಯಿತು. ಈಗ ಹುಳಿಯನ್ನು ಅದೃಷ್ಟಕ್ಕೆ ಬಿಡುವುದಿಲ್ಲ. ರಸವನ್ನು ಮೊದಲೇ ಸೋಸಿ, ಒಂದು ಕುದಿ ಬರಿಸಿ, 45ಕ್ಕೆ ಆರಿಸಿ, ಎರಡು ಚಮಚ ಹುಳಿ ಮಜ್ಜಿಗೆ ಹಾಕುತ್ತೇನೆ. ಗಾಳಿ ಆಡದಂತೆ ಪಾತ್ರೆಯ ಬಾಯಿತನಕ ತುಂಬಿ ಕೌದಿ ಸುತ್ತುತ್ತೇನೆ. ಮೊಸರಿನ ಬ್ಯಾಕ್ಟೀರಿಯಾಗಳಿಗೆ 42-45 ಡಿಗ್ರಿ ಹಬ್ಬ. ಎಂಟರಿಂದ ಹತ್ತು ತಾಸಿಗೆ ಪಿಎಚ್ 4ರ ಕೆಳಗೆ ಬರುತ್ತದೆ. ಆಮೇಲೆ ಕುದಿಸಿದರೆ ಅವುಗಳ ಕೆಲಸ ಅಲ್ಲಿಗೆ ನಿಲ್ಲುತ್ತದೆ.

ಆರನೇ ಬ್ಯಾಚಿಗೆ ಮನೆಯ ರೊಟ್ಟಿ ಇರಲಿಲ್ಲ. ಅಂಗಡಿಯಿಂದ ಎಳ್ಳು ಹಚ್ಚಿದ ಸಜ್ಜೆಯ ಕಡಕ್ ರೊಟ್ಟಿ ತಂದೆ. ಎಳ್ಳಿನ ಎಣ್ಣೆ ಮೇಲೆ ತೇಲಿತು, ಇದ್ದ ಚೂರು ನೊರೆಯೂ ಸತ್ತಿತು, ಸಜ್ಜೆಯ ಕಹಿ ಗಂಟಲಲ್ಲಿ ನಿಂತಿತು. ಬೇಡ.

ಏಳನೇದು ಮೇ ಮೊದಲ ವಾರ. ಮೂರೂ ತಪ್ಪು ಒಟ್ಟಿಗೆ, ಈ ಸಲ ಅಳತೆ ಮಾಡಿ. ನಾನೂರು ಗ್ರಾಂ ಮಾಲ್ಟ್ ರವೆ. ಎರಡು ದಿನ ಹಳೆಯ, ಎಳ್ಳಿಲ್ಲದ ಜೋಳದ ಕಡಕ್ ರೊಟ್ಟಿ ಆರು, ತೂಕ 270 ಗ್ರಾಂ. ನಾಲ್ಕೂವರೆ ಲೀಟರ್ ನೀರು, ಹಿಂದಿನ ರಾತ್ರಿ ತುಂಬಿ ತೆರೆದಿಟ್ಟದ್ದು, ನಲ್ಲಿ ನೀರಿನ ಕ್ಲೋರಿನ್ ಹೋಗಲಿ ಅಂತ. 65ರಲ್ಲಿ ಶುರು, ಕೌದಿಯಲ್ಲಿ ಮೂರು ತಾಸು. ಅಯೋಡಿನ್ ಕಂದುಗೆಂಪು. ಸೋಸಿ, ಒಂದು ಕುದಿ, ಮಜ್ಜಿಗೆ, ಒಂದು ರಾತ್ರಿ. ಬೆಳಿಗ್ಗೆ ಆರು ಗ್ರಾಂ ಉಪ್ಪು, ಶುಂಠಿ, ಧನಿಯಾ, ಅರ್ಧ ತಾಸು ಕುದಿ. 20 ಡಿಗ್ರಿಗೆ ತಂದು ಅಳೆದದ್ದು 1.031. ಬಾಟಲಿ ಗಟ್ಟಿಯಾದ ಮೇಲೆ 1.028.

ರುಚಿ ಮೂರನೇದರಷ್ಟೇ ಚೆನ್ನಾಗಿದೆ ಅಂತ ನಾನು ಹೇಳುತ್ತೇನೆ. ಅವ್ವ ಒಪ್ಪುವುದಿಲ್ಲ. ಆ ಸಲದ ರೊಟ್ಟಿ ಕಟ್ಟಿಗೆ ಒಲೆಯ ಮೇಲೆ ಆಗಿತ್ತು ಅನ್ನುತ್ತಾಳೆ, ಈ ಸಲದ್ದು ಗ್ಯಾಸಿನ ಮೇಲೆ. ಸಿಲಿಂಡರ್ ಮುಗಿಯುತ್ತಿದೆ ಅಂತ ಅವಳಿಗೆ ಆ ವಾರ ಮೊದಲೇ ಗೊತ್ತಿತ್ತಂತೆ, ಅದಕ್ಕೇ ಹಿತ್ತಲಲ್ಲಿ ಕಟ್ಟಿಗೆ ಹಚ್ಚಿದ್ದಳಂತೆ. ನನಗೆ ಮಾತ್ರ ಹೇಳಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಆ ವಿಷಯ ಎಲ್ಲೂ ಇಲ್ಲ.

ಸೋಸಿ ಉಳಿದ ಚರಟಕ್ಕೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಒಂದು ಹಿಡಿ ಕಡಲೆಹಿಟ್ಟು ಸೇರಿಸಿ ಅವ್ವ ತಾಲಿಪಟ್ಟಿ ತಟ್ಟುತ್ತಾಳೆ. ಹೋದ ಶನಿವಾರ ಅದನ್ನು ತಿನ್ನುತ್ತ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಒಲೆ ಮಾಡಿದೆ. ಕಟ್ಟಿಗೆ ಇನ್ನೂ ಹಸಿ ಇದೆ, ಹೊಗೆ ಜಾಸ್ತಿ. ಮಾಳಿಗೆ ಮೇಲೆ ಒಣಗಲು ಹಾಕಿದ್ದೇನೆ, ಎಂಟನೇ ಬ್ಯಾಚಿನ ಮಾಲ್ಟಿನ ಪಕ್ಕದಲ್ಲೇ.